ಜೈನರ ಹೆಸರಿನಲ್ಲಿ ಬೇಡವೆಂದವರು ಯಾರು?

2024ರ ಫೆಬ್ರವರಿಯ ಮೊದಲ ವಾರದಲ್ಲಿ ಕೊಚ್ಚಿಯ ಆಸ್ಪತ್ರೆಯೊಂದರಲ್ಲಿ ಯುವಕನೊಬ್ಬನ ಪಾರ್ಥಿವ ಶರೀರವು ಯಾರಿಗೆ ಸೇರಬೇಕೆಂಬುದು ನಿರ್ಣಯವಾಗದೆ ಹಲವು ದಿನ ಉಳಿಯಿತು. ಮಹಡಿಯ ಮೇಲಿಂದ ಬಿದ್ದು ತೀವ್ರವಾಗಿ ಗಾಯಗೊಂಡಿದ್ದ ಆತನು ಚಿಕಿತ್ಸೆ ಫಲಿಸದೆ ತೀರಿಕೊಂಡಿದ್ದನು. ಆತನೊಡನೆ ಒಂದೇ ಸೂರಿನಡಿ ಬಾಳುತ್ತಿದ್ದ ಸಂಗಾತಿ ಅಲ್ಲಿಯೇ ಇದ್ದನು. ಆದರೆ ಕಾನೂನಿನ ದೃಷ್ಟಿಯಲ್ಲಿ ಅವನು ಮೃತನಿಗೆ ಏನೂ ಆಗಿರಲಿಲ್ಲ; ಪತಿಯಲ್ಲ, ಪತ್ನಿಯಲ್ಲ, ದಾಯಾದಿಯೂ ಅಲ್ಲ. ಅವನು ಕೇರಳದ ಉಚ್ಚ ನ್ಯಾಯಾಲಯದ ಮೆಟ್ಟಿಲೇರಬೇಕಾಯಿತು. ಕೊನೆಗೆ ಶರೀರವು ಹೆತ್ತ ಕುಟುಂಬಕ್ಕೆ ಸಂದಿತು. ಸಂಗಾತಿಗೆ ಅಂತಿಮ ದರ್ಶನದ ಅವಕಾಶ ದೊರೆಯಿತು.

ಸಲಿಂಗ ವಿವಾಹವೆಂಬ ಮಾತು ಬಂದೊಡನೆ ನಮ್ಮ ಸಮಾಜದ ಸಭೆಗಳಲ್ಲಿ ಧಾರೆ, ಸಪ್ತಪದಿ, ಹೋಮಕುಂಡಗಳ ಚಿತ್ರ ಕಣ್ಣೆದುರು ನಿಲ್ಲುತ್ತದೆ. ಅದರ ಹಿಂದೆಯೇ ಧರ್ಮಲೋಪವಾಯಿತೆಂಬ ಉದ್ಗಾರ ಹೊರಡುತ್ತದೆ. ನ್ಯಾಯಾಲಯಗಳ ಮುಂದೆ ಇದ್ದ ಪ್ರಶ್ನೆ ಹೋಮಕುಂಡದ್ದಲ್ಲ. ಶಸ್ತ್ರಚಿಕಿತ್ಸೆಯ ಒಪ್ಪಿಗೆ ಪತ್ರಕ್ಕೆ ಯಾರು ಸಹಿ ಮಾಡಬೇಕು, ಭವಿಷ್ಯನಿಧಿಯ ಹಣ ಯಾರಿಗೆ ಸಲ್ಲಬೇಕು, ಬಾಡಿಗೆಯ ಮನೆಯಲ್ಲಿ ಒಬ್ಬರು ತೀರಿದ ಮೇಲೆ ಇನ್ನೊಬ್ಬರು ಉಳಿಯಬಹುದೆ, ಶವವನ್ನು ಯಾರು ಪಡೆಯಬೇಕು ಎಂಬವು ಅಲ್ಲಿನ ಪ್ರಶ್ನೆಗಳು. ಇವುಗಳಿಗೆ ಆಗಮದಲ್ಲಿ ಉತ್ತರ ಹುಡುಕುವುದು ವ್ಯರ್ಥ. ಆಗಮಕ್ಕೆ ಇವು ಪ್ರಶ್ನೆಗಳೇ ಅಲ್ಲ.

ಆದರೂ ಧರ್ಮಗಳು ಈ ವಾದದಲ್ಲಿ ಕಕ್ಷಿಗಳಾದವು. 2023ರ ಏಪ್ರಿಲ್ 18ರಂದು ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಮೂರ್ತಿಗಳ ಪೀಠವು ಸುಪ್ರಿಯೋ ಪ್ರಕರಣದ ವಿಚಾರಣೆಯನ್ನು ಆರಂಭಿಸುವ ಹೊತ್ತಿಗೆ ಜಮೀಯತ್ ಉಲಮಾ-ಇ-ಹಿಂದ್ ವಿರೋಧವನ್ನು ದಾಖಲಿಸಿತ್ತು. ಕೇರಳದ ಸೀರೋ-ಮಲಬಾರ್ ಸಭೆಯು ಕೇಂದ್ರ ಸರ್ಕಾರದ ನಿಲುವನ್ನು ಬೆಂಬಲಿಸಿತು. ಹಿಂದೂ ಸಂಘಟನೆಗಳು ಸಂಸ್ಕೃತಿಯ ಮಾತನ್ನಾಡಿದವು. ಬೇರಾವ ವಿಷಯದಲ್ಲಿಯೂ ಒಂದೇ ವೇದಿಕೆ ಹತ್ತಲು ಒಪ್ಪದವರು ಇಲ್ಲಿ ಒಂದಾದರು. ಸರ್ವಧರ್ಮ ಸಮನ್ವಯಕ್ಕೆ ದೊರೆತ ಈ ಅಪರೂಪದ ಸಂದರ್ಭವನ್ನು ನೆನೆದು ನಗುವುದೋ ಮರುಗುವುದೋ ತಿಳಿಯದು. ವಿರೋಧಿಸಿದ ಧರ್ಮಗುರುಗಳ ಪಟ್ಟಿಯಲ್ಲಿ ಜೈನರ ಪರವಾಗಿ ಆಚಾರ್ಯ ಲೋಕೇಶ್ ಅವರ ಹೆಸರೂ ಇತ್ತು.

ಆಚಾರ್ಯರಿಗೆ ತಮ್ಮ ಅಭಿಪ್ರಾಯವನ್ನು ಹೇಳುವ ಹಕ್ಕಿದೆ. ಅದನ್ನು ಯಾರೂ ಪ್ರಶ್ನಿಸಲಾರರು. ನಾವು ಪ್ರಶ್ನಿಸುವುದು ಬೇರೆಯದನ್ನು. ಜೈನಧರ್ಮವು ಹೀಗೆ ಹೇಳುತ್ತದೆ ಎಂದು ದೇಶದ ಕಾನೂನಿನ ಮುಂದೆ ನಿಂತು ಹೇಳಲು ನಮ್ಮ ಶಾಸ್ತ್ರದಲ್ಲಿ ಆಧಾರವಿದೆಯೆ? ಇಲ್ಲವೆಂಬುದು ನಮ್ಮ ದೃಢವಾದ ಅಭಿಪ್ರಾಯ. ಶಾಸ್ತ್ರವು ಸಲಿಂಗ ಸಂಬಂಧವನ್ನು ಹರಸುತ್ತದೆಯೆಂದು ಇದರ ಅರ್ಥವಲ್ಲ. ಅದು ಹರಸುವುದಿಲ್ಲ. ಯಾವ ಕಾಮವನ್ನೂ ಹರಸದಿರುವುದೇ ಅದರ ವೈಶಿಷ್ಟ್ಯ.

ವಿವಾಹವು ಮೋಕ್ಷಮಾರ್ಗದ ಅಂಗವಲ್ಲವೆಂಬುದನ್ನು ಮೊದಲು ನೆನೆಯಬೇಕು. ರತ್ನತ್ರಯದಲ್ಲಿ ಅದಕ್ಕೆ ಸ್ಥಾನವಿಲ್ಲ. ಭಗವಾನ್ ಮಹಾವೀರರು ವಿವಾಹವಾಗಲೇ ಇಲ್ಲವೆಂದು ದಿಗಂಬರರು ನಂಬುತ್ತಾರೆ. ಯಶೋದೆಯೊಡನೆ ವಿವಾಹವಾಗಿ ಪ್ರಿಯದರ್ಶನೆಯೆಂಬ ಮಗಳನ್ನು ಪಡೆದರೆಂದು ಶ್ವೇತಾಂಬರರು ನಂಬುತ್ತಾರೆ. ತೀರ್ಥಂಕರರ ವಿವಾಹದ ವಿಷಯದಲ್ಲಿಯೇ ಎರಡು ಸಂಪ್ರದಾಯಗಳು ಸಾವಿರಾರು ವರ್ಷ ಭಿನ್ನಮತದಿಂದಿದ್ದರೂ ಎರಡೂ ಜೈನವಾಗಿಯೇ ಉಳಿದಿವೆ. ನೇಮಿನಾಥರಂತೂ ಮದುವೆಯ ಮಂಟಪಕ್ಕೆ ಹೊರಟವರು, ಔತಣಕ್ಕೆಂದು ಕಟ್ಟಿಹಾಕಿದ್ದ ಪ್ರಾಣಿಗಳ ಕೂಗನ್ನು ಕೇಳಿ ದಾರಿಯಿಂದಲೇ ಹಿಂತಿರುಗಿ ಗಿರಿನಾರವನ್ನೇರಿದರು.

ವಿವಾಹದ ರೂಪವೂ ಶಾಶ್ವತವಲ್ಲವೆಂದು ನಮ್ಮ ಪುರಾಣವೇ ಸಾರುತ್ತದೆ. ಜಿನಸೇನಾಚಾರ್ಯರ ಸಂಸ್ಕೃತ ಆದಿಪುರಾಣವನ್ನೋ 941ರಲ್ಲಿ ರಚಿತವಾದ ಪಂಪನ ಕನ್ನಡ ಆದಿಪುರಾಣವನ್ನೋ ಓದಿದವರಿಗೆ ಭೋಗಭೂಮಿಯ ಯುಗಳರ ವೃತ್ತಾಂತ ತಿಳಿದಿದೆ. ಆ ಕಾಲದಲ್ಲಿ ಜೊತೆಯಾಗಿ ಹುಟ್ಟಿದ ಗಂಡು ಹೆಣ್ಣುಗಳೇ ಜೊತೆಯಾಗಿ ಬಾಳುತ್ತಿದ್ದರು. ಕಲ್ಪವೃಕ್ಷಗಳು ಕ್ಷೀಣಿಸಿ ಕರ್ಮಭೂಮಿ ಪ್ರಾರಂಭವಾದಾಗ ಆ ರೀತಿಯು ನಿಂತು ಬೇರೊಂದು ರೀತಿಯು ಬಂದಿತು. ಕಾಲವು ಬದಲಾದರೆ ದಾಂಪತ್ಯದ ಕಟ್ಟು ಬದಲಾಗುತ್ತದೆಯೆಂಬ ಮಾತನ್ನು ಆಧುನಿಕರು ಹೊರಗಿನಿಂದ ತಂದು ಹೇರಿಲ್ಲ. ಅದು ಪ್ರಥಮಾನುಯೋಗದ ಮಾತು. ಯಶಸ್ತಿಲಕವನ್ನು 959ರಲ್ಲಿ ಮುಗಿಸಿದ ಸೋಮದೇವ ಸೂರಿಗಳು ಗೃಹಸ್ಥರ ಧರ್ಮವನ್ನು ಲೌಕಿಕ, ಪಾರಲೌಕಿಕವೆಂದು ಎರಡಾಗಿ ವಿಂಗಡಿಸಿದರು. ಲೌಕಿಕವು ಲೋಕವನ್ನು ಅನುಸರಿಸುವುದು, ಪಾರಲೌಕಿಕವು ಆಗಮವನ್ನು ಅನುಸರಿಸುವುದು. ಸಮ್ಯಕ್ತ್ವಕ್ಕೂ ವ್ರತಕ್ಕೂ ಹಾನಿಯಿಲ್ಲದ ಲೋಕಾಚಾರವೆಲ್ಲವೂ ಜೈನರಿಗೆ ಸ್ವೀಕಾರಾರ್ಹವೆಂಬುದು ಅವರ ಅಭಿಪ್ರಾಯ. ದಕ್ಷಿಣದ ಜೈನರು ಅಗ್ನಿಸಾಕ್ಷಿಯ ವಿವಾಹವನ್ನೂ ತುಳುನಾಡಿನಲ್ಲಿ ಅಳಿಯಸಂತಾನದ ಕಟ್ಟನ್ನೂ ಈ ನ್ಯಾಯದಿಂದಲೇ ತಮ್ಮದಾಗಿಸಿಕೊಂಡರು.

ಇಲ್ಲಿ ಒಂದು ಆಕ್ಷೇಪವನ್ನು ನಾವು ಊಹಿಸಬಲ್ಲೆವು. ಬ್ರಹ್ಮಚರ್ಯಾಣುವ್ರತದ ಐದು ಅತಿಚಾರಗಳಲ್ಲಿ ಅನಂಗಕ್ರೀಡೆಯೂ ಒಂದು. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವನ್ನು ನೀವು ಮರೆತಿರಾ ಎಂದು ಪಂಡಿತರು ಕೇಳಿಯಾರು. ಮರೆತಿಲ್ಲ. ಅನಂಗಕ್ರೀಡೆಯು ಅತಿಚಾರವೇ. ಆದರೆ ಅದು ಅಗ್ನಿಸಾಕ್ಷಿಯಾಗಿ ಕೈಹಿಡಿದ ಗಂಡಹೆಂಡಿರಿಗೂ ಅಷ್ಟೇ ಅತಿಚಾರ. ಅದಕ್ಕಾಗಿ ಅವರ ವಿವಾಹವನ್ನು ಯಾವ ನೋಂದಣಾಧಿಕಾರಿಯೂ ತಿರಸ್ಕರಿಸುವುದಿಲ್ಲ. ಮೇಲಾಗಿ, ಅದೇ ಸೂತ್ರದಲ್ಲಿ ಎಲ್ಲಕ್ಕಿಂತ ಮೊದಲು ಹೇಳಿರುವ ಅತಿಚಾರ ಯಾವುದು? ಪರವಿವಾಹಕರಣ. ಅನ್ಯರ ಮದುವೆಗಳನ್ನು ಮಾಡಿಸುತ್ತ ತಿರುಗುವುದು! ಊರೂರಿನಲ್ಲಿ ಕಲ್ಯಾಣಮಂಟಪ ಹಿಡಿದು ವಧೂವರರ ಸಮಾವೇಶ ನಡೆಸುವ, ಸಮಾಜದ ಪತ್ರಿಕೆಗಳ ಅರ್ಧ ಪುಟಗಳನ್ನು ವಧೂವರ ಅಂಕಣಗಳಿಗೆ ಮೀಸಲಿಡುವ ನಾವು ಒಂದೇ ಸೂತ್ರದ ಒಂದು ಪದವನ್ನು ನುಂಗಿ ಇನ್ನೊಂದು ಪದವನ್ನು ಸರ್ವೋಚ್ಚ ನ್ಯಾಯಾಲಯದವರೆಗೆ ಒಯ್ಯುವುದು ಯಾವ ಸ್ವಾಧ್ಯಾಯ?

ಕರ್ಮಸಿದ್ಧಾಂತದ ಒಳಹೊಕ್ಕರೆ ವಿಷಯವು ಇನ್ನೂ ಗಹನವಾಗುತ್ತದೆ. ಚಾರಿತ್ರಮೋಹನೀಯ ಕರ್ಮದ ಒಂಬತ್ತು ನೋಕಷಾಯಗಳಲ್ಲಿ ಮೂರು ವೇದಗಳು ಸೇರಿವೆ: ಸ್ತ್ರೀವೇದ, ಪುರುಷವೇದ, ನಪುಂಸಕವೇದ. ಇಲ್ಲಿ ವೇದವೆಂದರೆ ಋಗ್ವೇದಾದಿಗಳಲ್ಲ, ಕಾಮಭಾವ. ಹೆಣ್ಣನ್ನು ಬಯಸುವುದು ಪುರುಷವೇದ, ಗಂಡನ್ನು ಬಯಸುವುದು ಸ್ತ್ರೀವೇದ, ಉಭಯರನ್ನೂ ಬಯಸುವುದು ನಪುಂಸಕವೇದ. ಶರೀರದ ಲಿಂಗವನ್ನು ದ್ರವ್ಯವೇದವೆಂದೂ ಒಳಗಿನ ಬಯಕೆಯನ್ನು ಭಾವವೇದವೆಂದೂ ನಮ್ಮ ಆಚಾರ್ಯರು ಬೇರ್ಪಡಿಸಿದರು. ಶ್ರವಣಬೆಳಗೊಳದ ಚಾವುಂಡರಾಯನ ಗುರುಗಳಾದ ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳು ಗೊಮ್ಮಟಸಾರದ ಜೀವಕಾಂಡದಲ್ಲಿ, ಈ ಎರಡೂ ಬಹುಮಟ್ಟಿಗೆ ಒಂದೇ ತೆರನಾಗಿದ್ದರೂ ಕೆಲವರಲ್ಲಿ ಬೇರೆಬೇರೆಯಾಗಿರುತ್ತವೆಂದು ಹೇಳಿದ್ದಾರೆ. ಕೇಶವವರ್ಣಿಯು 1359ರಲ್ಲಿ ಆ ಗ್ರಂಥಕ್ಕೆ ಕನ್ನಡದಲ್ಲಿ ವೃತ್ತಿಯನ್ನು ಬರೆದನು. ಆದ್ದರಿಂದ ಇದು ಕನ್ನಡದ ಶ್ರಾವಕರಿಗೆ ನೆನ್ನೆ ಮೊನ್ನೆ ಬಂದ ವಿಚಾರವಲ್ಲ. ಗಂಡಿನ ಶರೀರದಲ್ಲಿ ಗಂಡನ್ನು ಬಯಸುವ ಭಾವ ಇರಬಲ್ಲದು ಎಂಬುದನ್ನು ಹತ್ತನೆಯ ಶತಮಾನದ ಒಬ್ಬ ದಿಗಂಬರ ಮುನಿ ಗಾಬರಿಗೊಳ್ಳದೆ, ರೋಗವೆಂದು ಕರೆಯದೆ, ಪಶ್ಚಿಮದ ಸೋಂಕೆಂದು ದೂರದೆ ಬರೆದಿಟ್ಟರು.

ಅವರು ಈ ಮೂರು ವೇದಗಳನ್ನು ಮೂರು ಬೆಂಕಿಗಳಿಗೆ ಹೋಲಿಸಿದರು. ಪುರುಷವೇದವು ಹುಲ್ಲಿನ ಬೆಂಕಿ, ಸ್ತ್ರೀವೇದವು ಬೆರಣಿಯ ಬೆಂಕಿ, ನಪುಂಸಕವೇದವು ಇಟ್ಟಿಗೆಯ ಆವಿಗೆಯ ಬೆಂಕಿ. ಉರಿಯುವ ಕಾಲದಲ್ಲಿ, ತಾಪದಲ್ಲಿ ತಾರತಮ್ಯವುಂಟು. ಮೂರನೆಯದನ್ನು ಅವರು ಅತ್ಯಂತ ಉಗ್ರವೆಂದು ಎಣಿಸಿದರೆಂಬುದನ್ನೂ ಮರೆಮಾಚಬೇಕಾಗಿಲ್ಲ. ಆದರೆ ಮೂರೂ ಬೆಂಕಿಯೇ. ಹುಲ್ಲಿನ ಬೆಂಕಿಯನ್ನು ದೀಪವೆಂದು ಪೂಜಿಸಿ ಉಳಿದವನ್ನು ಮಾತ್ರ ಆರಿಸಬೇಕೆಂದು ಅವರು ಎಲ್ಲಿಯೂ ಹೇಳಿಲ್ಲ. ಮೂರನ್ನೂ ನಂದಿಸಿದವರು ವಂದ್ಯರು.

ಸ್ತ್ರೀಮುಕ್ತಿಯ ವಾದದಲ್ಲಿ ದಿಗಂಬರರು ತಳೆದ ನಿಲುವನ್ನು ಇದರೊಡನೆ ಇಟ್ಟು ನೋಡಬೇಕು. ಷಟ್ಖಂಡಾಗಮದಲ್ಲಿ ‘ಮನುಷ್ಯಿನಿ’ಗೆ ಹದಿನಾಲ್ಕು ಗುಣಸ್ಥಾನಗಳೂ ಉಂಟೆಂಬ ಮಾತಿದೆ. ಸ್ತ್ರೀಯರಿಗೆ ಆ ಭವದಲ್ಲಿಯೇ ಮೋಕ್ಷವಿಲ್ಲವೆನ್ನುವ ಪರಂಪರೆಗೆ ಇದು ತೊಡಕಾಯಿತು. 816ರಲ್ಲಿ ಧವಳಾ ಟೀಕೆಯನ್ನು ಪೂರ್ಣಗೊಳಿಸಿದ ವೀರಸೇನಾಚಾರ್ಯರು, ಇಲ್ಲಿ ಮನುಷ್ಯಿನಿಯೆಂದರೆ ಭಾವಸ್ತ್ರೀ, ಅಂದರೆ ಶರೀರದಿಂದ ಪುರುಷನಾಗಿದ್ದು ಸ್ತ್ರೀವೇದದ ಉದಯವುಳ್ಳವನು ಎಂದು ವ್ಯಾಖ್ಯಾನಿಸಿದರು. ಅಂಥವನು ಶ್ರೇಣಿಯನ್ನೇರಿ, ಒಂಬತ್ತನೆಯ ಗುಣಸ್ಥಾನದಲ್ಲಿ ವೇದವನ್ನು ನಾಶಗೊಳಿಸಿ, ಕೇವಲಜ್ಞಾನವನ್ನು ಪಡೆಯಬಲ್ಲನು. ಈ ವ್ಯಾಖ್ಯಾನದಿಂದ ಹೆಣ್ಣುಮಕ್ಕಳಿಗೆ ಆದ ಅನ್ಯಾಯವು ಬೇರೆಯ ಸಂಪಾದಕೀಯಕ್ಕೆ ವಿಷಯ. ಆದರೆ ಮೂಡಬಿದಿರೆಯ ತಾಳೆಗರಿಗಳಲ್ಲಿ ಶತಮಾನಗಳ ಕಾಲ ನಾವು ಕಾಪಾಡಿಕೊಂಡು ಬಂದ ಸಿದ್ಧಾಂತವು, ಗಂಡಿನ ದೇಹದಲ್ಲಿ ಗಂಡನ್ನು ಬಯಸುವ ಭಾವದಿಂದ ಹುಟ್ಟಿದ ಜೀವಕ್ಕೆ ಸಿದ್ಧಶಿಲೆಯ ದಾರಿ ತೆರೆದಿದೆಯೆನ್ನುತ್ತದೆ. ಸಿದ್ಧಶಿಲೆಗೆ ಅರ್ಹನಾದವನು ಕೊಚ್ಚಿಯ ಆಸ್ಪತ್ರೆಯ ಅರ್ಜಿಯಲ್ಲಿ ಸಂಗಾತಿಯೆಂದು ಬರೆಸಿಕೊಳ್ಳಲು ಅನರ್ಹನೆಂದು ಅದೇ ಸಿದ್ಧಾಂತದ ಹೆಸರಿನಲ್ಲಿ ವಾದಿಸುವುದು ಹೇಗೆ?

ಸಂತಾನದ ವಾದವೂ ಜೈನರ ಬಾಯಲ್ಲಿ ಸಲ್ಲದು. ಪುತ್ರನಿಲ್ಲದವನಿಗೆ ಗತಿಯಿಲ್ಲವೆಂಬುದು ವೈದಿಕರ ನಂಬಿಕೆ. ಪಿಂಡಪ್ರದಾನದಿಂದ ಪಿತೃಗಳು ತೃಪ್ತರಾಗುವರೆಂಬುದನ್ನು ನಮ್ಮ ಆಚಾರ್ಯರು ನಿರಂತರವಾಗಿ ಖಂಡಿಸಿದರು. ತನ್ನ ಕರ್ಮವನ್ನು ತಾನೇ ಉಣ್ಣಬೇಕು, ಮಗನು ಎರೆದ ನೀರು ತಂದೆಯ ಕರ್ಮವನ್ನು ತೊಳೆಯದು. ಮಗನಿಲ್ಲದ ಜೈನ ವಿಧವೆಯ ಹಕ್ಕು ಹಿಂದೂ ವಿಧವೆಯ ಹಕ್ಕಿಗಿಂತ ಭಿನ್ನವೆಂದು 1878ರಲ್ಲಿ ಪ್ರಿವಿ ಕೌನ್ಸಿಲ್ ಮನ್ನಿಸಿತು. ಗಂಡನ ಅನುಮತಿಯಿಲ್ಲದೆಯೇ ಅವಳು ದತ್ತು ಸ್ವೀಕರಿಸಬಹುದೆಂಬ ಜೈನರ ರೂಢಿಯು ಅಲ್ಲಿ ಊರ್ಜಿತವಾಯಿತು. ದತ್ತುಪುತ್ರನನ್ನು ಮನೆಯ ವ್ಯವಹಾರಕ್ಕಾಗಿ ತರುತ್ತಿದ್ದರೇ ಹೊರತು ಪರಲೋಕದ ಟಿಕೇಟಿಗಾಗಿ ಅಲ್ಲ. ಈಗ ಸಂತಾನವಿಲ್ಲದ ದಾಂಪತ್ಯವು ದಾಂಪತ್ಯವೇ ಅಲ್ಲವೆನ್ನುವವರು, ತಮಗರಿವಿಲ್ಲದೆ, ಜೈನರ ವೇಷದಲ್ಲಿ ಮೀಮಾಂಸಕರ ಮಾತನ್ನಾಡುತ್ತಿದ್ದಾರೆ.

ಕೇರಳವನ್ನೇ ಉದಾಹರಣೆಗೆ ಎತ್ತಿಕೊಂಡುದಕ್ಕೆ ಕಾರಣವಿದೆ. ಜನಗಣತಿಯ ಪ್ರಕಾರ ಅಲ್ಲಿನ ಜೈನರ ಸಂಖ್ಯೆ ಐದು ಸಾವಿರವನ್ನೂ ಮುಟ್ಟುವುದಿಲ್ಲ. ಮಟ್ಟಾಂಚೇರಿಯ ಧರ್ಮನಾಥ ಮಂದಿರದ ಸುತ್ತ ಗುಜರಾತಿನಿಂದ ಬಂದ ವರ್ತಕ ಕುಟುಂಬಗಳಿವೆ. ವಯನಾಡಿನ ಪುಳಿಯಾರ್‌ಮಲೆ, ಸುಲ್ತಾನ್ ಬತ್ತೇರಿಗಳ ಬಸದಿಗಳ ಸುತ್ತ ಕನ್ನಡ ನಾಡಿನ ಮೂಲದ ಗೌಡ ಕುಟುಂಬಗಳಿವೆ. ಮಂಜೇಶ್ವರದಲ್ಲಿ ನಮ್ಮವರೇ ಆದ ಕನ್ನಡ-ತುಳು ಜೈನರಿದ್ದಾರೆ. ಇಷ್ಟು ಸಣ್ಣ ಸಮುದಾಯಕ್ಕೆ ಬಹುಸಂಖ್ಯಾತರ ರೂಢಿಯೇ ಕಾನೂನಾದರೆ ಏನಾಗುತ್ತದೆಂಬುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ವಿವಾಹವೆಂದರೆ ಏನೆಂಬುದನ್ನು ಕಾನೂನು ಮತ್ತೆ ಮತ್ತೆ ತಿದ್ದಿ ಬರೆದ ನಾಡೂ ಅದೇ. ಮಲಬಾರಿನ ಮರುಮಕ್ಕತ್ತಾಯದ ಸಂಬಂಧಗಳನ್ನು ಬ್ರಿಟಿಷ್ ನ್ಯಾಯಾಲಯಗಳು ವಿವಾಹವೆಂದೇ ಪರಿಗಣಿಸಲಿಲ್ಲ. ತಲೆಮಾರುಗಳಿಂದ ಗೌರವದಿಂದ ಬಾಳಿದ ಗಂಡುಹೆಣ್ಣುಗಳು ಕಾನೂನಿನ ಕಣ್ಣಿಗೆ ಗಂಡಹೆಂಡಿರಾಗಿರಲಿಲ್ಲ. 1891ರಲ್ಲಿ ಟಿ. ಮುತ್ತುಸ್ವಾಮಿ ಅಯ್ಯರ್ ಅವರ ಅಧ್ಯಕ್ಷತೆಯಲ್ಲಿ ಆಯೋಗ ಕುಳಿತು, 1896ರಲ್ಲಿ ಮಲಬಾರ್ ವಿವಾಹ ಕಾಯಿದೆ ಬಂದು, ಬಯಸಿದವರು ನೋಂದಾಯಿಸಿಕೊಳ್ಳಬಹುದೆಂದಾಯಿತು. ಬಯಸಿದವರು ಕೆಲವೇ ಮಂದಿ. ಪೂರ್ಣ ಮಾನ್ಯತೆ ದೊರೆಯಲು ಮಲಬಾರಿನವರು 1933ರ ಮದರಾಸು ಮರುಮಕ್ಕತ್ತಾಯಂ ಕಾಯಿದೆಯವರೆಗೆ ಕಾಯಬೇಕಾಯಿತು. ಅಂದೂ ಧರ್ಮ ಕೆಟ್ಟಿತೆಂದವರಿದ್ದರು. ಇಂದು ಅವರ ಮೊಮ್ಮಕ್ಕಳು, 2008ರ ಕೇರಳ ನಿಯಮಗಳಂತೆ, ಜಾತಿಮತಭೇದವಿಲ್ಲದೆ ಎಲ್ಲರೂ ಹೋಗುವ ಪಂಚಾಯತಿ ಕಚೇರಿಯಲ್ಲಿಯೇ ಮದುವೆಯನ್ನು ನೋಂದಾಯಿಸುತ್ತಾರೆ.

ಜೈನರ ಸ್ವಂತ ಕಥೆಯು ಇದಕ್ಕಿಂತ ಕಹಿಯಾದುದು. ಕೇಶವಚಂದ್ರ ಸೇನರ ಬ್ರಾಹ್ಮಸಮಾಜದ ಒತ್ತಾಯದಿಂದ 1872ರಲ್ಲಿ ನಾಗರಿಕ ವಿವಾಹದ ಕಾಯಿದೆ ಬಂದಾಗ, ಅದರಡಿ ಮದುವೆಯಾಗುವವರು ತಾವು ಹಿಂದೂ, ಮುಸ್ಲಿಂ, ಕ್ರೈಸ್ತ, ಪಾರಸಿ, ಬೌದ್ಧ, ಸಿಖ್ಖ, ಜೈನ ಮೊದಲಾದ ಯಾವ ಮತವನ್ನೂ ಅನುಸರಿಸುವವರಲ್ಲವೆಂದು ಬರೆದುಕೊಡಬೇಕಿತ್ತು. ಒಬ್ಬ ಜೈನನು ವೈಷ್ಣವ ಕನ್ಯೆಯನ್ನು ಕಾನೂನುಬದ್ಧವಾಗಿ ಮದುವೆಯಾಗಬೇಕಾದರೆ ಮೊದಲು ಜಿನನನ್ನು ನಿರಾಕರಿಸಬೇಕಿತ್ತು. ಈ ಅವಮಾನವು ತೊಲಗಲು ಹರಿಸಿಂಗ್ ಗೌರ್ ಅವರ ಪ್ರಯತ್ನದಿಂದ 1923ರಲ್ಲಿ ತಿದ್ದುಪಡಿ ಬರಬೇಕಾಯಿತು. 1954ರ ವಿಶೇಷ ವಿವಾಹ ಅಧಿನಿಯಮವು ಆ ಕಾಯಿದೆಯ ಉತ್ತರಾಧಿಕಾರಿ. ಸಲಿಂಗ ಸಂಗಾತಿಗಳು ಇಂದು ಪ್ರವೇಶ ಕೇಳುತ್ತಿರುವುದು ಇದೇ ಅಧಿನಿಯಮದ ಬಾಗಿಲಲ್ಲಿ. ಯಾವ ಧರ್ಮದ ಪುರೋಹಿತನೂ ಇಲ್ಲದ, ಯಾವ ಧರ್ಮದ ಅಪ್ಪಣೆಯೂ ಬೇಡದ ಬಾಗಿಲು ಅದು. ನಾವು ಒಳಗೆ ಬಂದಾಯಿತು, ಇನ್ನು ಅಗುಳಿ ಹಾಕಿ ಎನ್ನುವುದು ನಮಗೆ ತಕ್ಕುದಲ್ಲ. ಕಾನೂನಿನಲ್ಲಿ ನಮ್ಮ ನೆಲೆಯೂ ಅಷ್ಟು ಭದ್ರವಾಗಿಲ್ಲ: 2025ರ ಫೆಬ್ರವರಿಯಲ್ಲಿ ಇಂದೋರಿನ ಕುಟುಂಬ ನ್ಯಾಯಾಲಯವೊಂದು, 2014ರಲ್ಲಿ ಅಲ್ಪಸಂಖ್ಯಾತರೆಂದು ಘೋಷಿತರಾದ ಜೈನರಿಗೆ ಹಿಂದೂ ವಿವಾಹ ಅಧಿನಿಯಮವೇ ಅನ್ವಯಿಸದೆಂದು ಹೇಳಿಬಿಟ್ಟಿತು. ಮರುತಿಂಗಳು ಮಧ್ಯಪ್ರದೇಶದ ಉಚ್ಚ ನ್ಯಾಯಾಲಯವು ಆ ಆದೇಶವನ್ನು ರದ್ದುಪಡಿಸಿತು.

ತಿರುವನಂತಪುರದ ತಂಪಾನೂರಿನಲ್ಲಿ ರೈಲು ನಿಲ್ದಾಣವೂ ಸರ್ಕಾರಿ ಬಸ್ ನಿಲ್ದಾಣವೂ ಎದುರುಬದುರಾಗಿವೆ, ಸುತ್ತಲೂ ವಸತಿಗೃಹಗಳು. ಇಂಥ ಪೇಟೆಗಳಲ್ಲಿ ಇಬ್ಬರು ಗಂಡಸರು ಒಂದು ಕೋಣೆ ಕೇಳಿದರೆ ಯಾರೂ ಹುಬ್ಬೇರಿಸುವುದಿಲ್ಲ. ಹುಡುಗ ಹುಡುಗಿ ಕೇಳಿದರೆ ಮಾತ್ರ ಮದುವೆಯಾಗಿದೆಯೆ ಎಂಬ ವಿಚಾರಣೆ. ಒಂದು ರಾತ್ರಿಗೆ ಯಾವ ಆಕ್ಷೇಪವೂ ಇಲ್ಲದ ಜೋಡಿಯು ಬಾಳಿಡೀ ಜೊತೆಗಿರುತ್ತೇವೆಂದೊಡನೆ ನಾಗರಿಕತೆಗೆ ಅಪಾಯವಾಗುವುದು ವಿಚಿತ್ರವಲ್ಲವೆ? ಇದೇ ನಗರದಲ್ಲಿ 2018ರ ಮೇ 10ರಂದು ಸೂರ್ಯಾ ಮತ್ತು ಇಶಾನ್ ಎಂಬ ಲಿಂಗಪರಿವರ್ತಿತ ದಂಪತಿಗಳ ವಿವಾಹವು ವಿಶೇಷ ವಿವಾಹ ಅಧಿನಿಯಮದಡಿ ನೆರವೇರಿತು. ಒಬ್ಬರ ಮನೆತನ ಹಿಂದೂ, ಇನ್ನೊಬ್ಬರದು ಮುಸ್ಲಿಂ. ಕಾನೂನಿನ ಕಾಗದದಲ್ಲಿ ಒಬ್ಬರು ಗಂಡು, ಒಬ್ಬರು ಹೆಣ್ಣು ಆಗಿದ್ದರಿಂದ ತೊಡಕಾಗಲಿಲ್ಲ. ಅದೇ ವರ್ಷದ ಸೆಪ್ಟೆಂಬರಿನಲ್ಲಿ, ದಂಡಸಂಹಿತೆಯ 377ನೆಯ ಕಲಮಿನ ಬಿಗಿತವನ್ನು ಸರ್ವೋಚ್ಚ ನ್ಯಾಯಾಲಯವು ಸಡಿಲಿಸಿದ ಕೆಲವೇ ದಿನಗಳಲ್ಲಿ, ಕೇರಳದ ಉಚ್ಚ ನ್ಯಾಯಾಲಯವು ಮನೆಯವರಿಂದ ಬೇರ್ಪಟ್ಟಿದ್ದ ಇಬ್ಬರು ಹೆಣ್ಣುಮಕ್ಕಳು ಕೂಡಿ ಬಾಳಲು ಸ್ವತಂತ್ರರೆಂದಿತು. 2022ರ ಮೇ 31ರಂದು ಆದಿಲಾ ನಸ್ರೀನ್ ಮತ್ತು ಫಾತಿಮಾ ನೂರಾ ಅವರ ವಿಷಯದಲ್ಲಿಯೂ ಹಾಗೆಯೇ ಆಯಿತು. ಕೂಡಿ ಬಾಳಬಹುದು, ಆದರೆ ಕೂಡಿ ಬಾಳಿದ್ದಕ್ಕೆ ಕಾಗದವಿಲ್ಲ.

ನಂಬಿಕೆಯು ಈ ವಾದದ ಒಂದೇ ಬದಿಯಲ್ಲಿದೆಯೆಂದು ಭಾವಿಸುವುದೂ ತಪ್ಪು. ನಿಕೇಶ್ ಮತ್ತು ಸೋನು ಎಂಬಿಬ್ಬರು ಕೇರಳದಲ್ಲಿ ಬಹಿರಂಗವಾಗಿ ದಂಪತಿಗಳೆಂದು ಹೇಳಿಕೊಂಡ ಮೊದಲ ಗಂಡಸರು. ಅವರು 2018ರ ಜುಲೈ ತಿಂಗಳಲ್ಲಿ ಗುರುವಾಯೂರಿಗೆ ಹೋದರು. ಗರ್ಭಗುಡಿಯ ಮುಂದೆ ನಿಲ್ಲುವಂತಿರಲಿಲ್ಲ. ದೇವಾಲಯದ ಹೊರಗೆ ವಾಹನ ನಿಲ್ಲಿಸುವ ಜಾಗದಲ್ಲಿ, ಗುಟ್ಟಾಗಿ, ಉಂಗುರಗಳನ್ನೂ ತುಳಸೀಮಾಲೆಗಳನ್ನೂ ಬದಲಾಯಿಸಿಕೊಂಡರು. 2020ರ ಜನವರಿಯಲ್ಲಿ ವಿಶೇಷ ವಿವಾಹ ಅಧಿನಿಯಮವನ್ನು ಪ್ರಶ್ನಿಸಿ ಉಚ್ಚ ನ್ಯಾಯಾಲಯಕ್ಕೆ ಹೋದರು. ದೇವರನ್ನು ನಂಬದವರಾಗಿದ್ದರೆ ಅವರಿಗೆ ಗುರುವಾಯೂರಿನ ಹಾದಿ ಏಕೆ ಬೇಕಿತ್ತು? ಕ್ರೈಸ್ತ ಲೋಕದಲ್ಲಿಯೂ ಎಲ್ಲರ ದನಿ ಒಂದೇ ಆಗಿಲ್ಲ: 2023ರ ಡಿಸೆಂಬರಿನಲ್ಲಿ ವ್ಯಾಟಿಕನ್ನು, ವಿವಾಹದ ತನ್ನ ಬೋಧನೆಯನ್ನು ಬದಲಿಸದೆಯೇ, ಸಲಿಂಗ ಜೋಡಿಗಳನ್ನು ಆರಾಧನಾವಿಧಿಯ ಹೊರಗೆ ಆಶೀರ್ವದಿಸಲು ಪಾದ್ರಿಗಳಿಗೆ ಅನುಮತಿಯಿತ್ತಿತು. ನಮ್ಮಂತೆಯೇ ಶ್ರಮಣ ಪರಂಪರೆಯವರಾದ ಥಾಯ್ಲೆಂಡಿನ ಬೌದ್ಧರ ನಾಡಿನಲ್ಲಿ 2025ರ ಜನವರಿ 23ರಂದು ಸಲಿಂಗ ವಿವಾಹಗಳ ನೋಂದಣಿ ಆರಂಭವಾಯಿತು, ವಿಹಾರಗಳು ಮುಚ್ಚಲಿಲ್ಲ.

ನಮ್ಮ ದೇಶದಲ್ಲಿ 2023ರ ಅಕ್ಟೋಬರ್ 17ರ ತೀರ್ಪು ಅರ್ಜಿದಾರರಿಗೆ ಎದುರಾಗಿ ಬಂದಿತು. ವಿವಾಹವಾಗುವುದು ಮೂಲಭೂತ ಹಕ್ಕಲ್ಲವೆಂಬುದರಲ್ಲಿ ಐವರೂ ಏಕಮತದವರಾಗಿದ್ದರು. ಸಂಗಾತಿಗಳ ಕೂಡುಬಾಳುವೆಗೆ ಕಾನೂನಿನ ಮಾನ್ಯತೆ ಬೇಕೆಂದು ಮುಖ್ಯ ನ್ಯಾಯಮೂರ್ತಿ ಚಂದ್ರಚೂಡ್ ಮತ್ತು ನ್ಯಾಯಮೂರ್ತಿ ಕೌಲ್ ಹೇಳಿದರು. ಉಳಿದ ಮೂವರು ಒಪ್ಪಲಿಲ್ಲ. ಪುನರ್ವಿಮರ್ಶೆಯ ಅರ್ಜಿಗಳು 2025ರ ಜನವರಿಯಲ್ಲಿ ವಜಾ ಆದವು. ಈಗ ವಿಷಯವು ಸಂಸತ್ತಿನ ಅಂಗಳದಲ್ಲಿದೆ, ಅಂದರೆ ಮತದ ಲೆಕ್ಕಾಚಾರದ ಅಂಗಳದಲ್ಲಿದೆ. ಧರ್ಮಗುರುಗಳ ಒಂದು ಮಾತಿಗೆ ನ್ಯಾಯಾಲಯದಲ್ಲಿ ಇರುವ ತೂಕಕ್ಕಿಂತ ಅಲ್ಲಿ ಹೆಚ್ಚಿನ ತೂಕವಿದೆ. ಆದ್ದರಿಂದಲೇ ಜೈನರ ಹೆಸರನ್ನು ಬಳಸುವವರು ಇನ್ನು ಮುಂದೆ ಸಮಾಜವನ್ನು ಕೇಳಿ ಬಳಸಬೇಕೆಂದು ನಾವು ಆಗ್ರಹಪಡಿಸುತ್ತೇವೆ.

2015ರ ಆಗಸ್ಟ್ ತಿಂಗಳನ್ನು ಓದುಗರು ನೆನಪಿಸಿಕೊಳ್ಳಲಿ. ಆ ತಿಂಗಳ 10ರಂದು ರಾಜಸ್ಥಾನದ ಉಚ್ಚ ನ್ಯಾಯಾಲಯವು ಸಲ್ಲೇಖನವನ್ನು ಆತ್ಮಹತ್ಯೆಗೆ ಸಮನೆಂದಿತು. ದೇಶದ ಎಲ್ಲೆಡೆ ನಮ್ಮವರು ಮೌನ ಮೆರವಣಿಗೆ ನಡೆಸಿದರು; 31ರಂದು ಸರ್ವೋಚ್ಚ ನ್ಯಾಯಾಲಯದ ತಡೆಯಾಜ್ಞೆ ಬಂದಿತು. ಅಂದು ನಾವು ಮಂಡಿಸಿದ ವಾದವೇನು? ಯಾರಿಗೂ ನೋವುಂಟುಮಾಡದ, ತಿಳಿದು ಮಾಡಿದ, ಅಂತರಂಗದ ಆಯ್ಕೆಯಲ್ಲಿ ಬಹುಸಂಖ್ಯಾತರ ನೀತಿಕಲ್ಪನೆಗೆ ಪ್ರವೇಶವಿಲ್ಲವೆಂದು ತಾನೆ? ಸಲ್ಲೇಖನವೂ ಸಂಗಾತಿಯ ಆಯ್ಕೆಯೂ ಒಂದೇ ಮಟ್ಟದವೆಂದು ನಾವು ಹೇಳುತ್ತಿಲ್ಲ. ಒಂದು ಕಷಾಯಗಳನ್ನು ಕೃಶಗೊಳಿಸುವ ವ್ರತ, ಇನ್ನೊಂದು ಸಂಸಾರ. ಆದರೆ ರಾಜ್ಯಶಕ್ತಿಯ ಮುಂದೆ ನಾವು ಹೂಡಿದ ವಾದದ ಕಟ್ಟು ಒಂದೇ.

ಸಂಸತ್ತು ಏನು ಮಾಡುವುದೋ ಮಾಡಲಿ, ಸಮಾಜವು ಇಂದೇ ಮಾಡಬಹುದಾದದ್ದು ಹಲವಿದೆ. ಮೊದಲನೆಯದು, ಮನೆಯ ಹುಡುಗನಿಗೆ ಹೆಣ್ಣಿನಲ್ಲಿ ಮನಸ್ಸಿಲ್ಲವೆಂದು ತಿಳಿದೂ ಮದುವೆಯಾದರೆ ಸರಿಹೋಗುತ್ತಾನೆಂದು ಏನೂ ಅರಿಯದ ಹೆಣ್ಣೊಬ್ಬಳನ್ನು ತಂದು ಕಟ್ಟುವ ಕ್ರೌರ್ಯವನ್ನು ನಿಲ್ಲಿಸುವುದು. ಅಹಿಂಸೆಯನ್ನು ನೀರು ಸೋಸುವುದರಲ್ಲಿ ಕಾಣುವವರು ಈ ಹಿಂಸೆಯನ್ನೂ ಕಾಣಬೇಕು. ಎರಡು ಜೀವಗಳು ಅದರಲ್ಲಿ ದಿನವೂ ಬೇಯುತ್ತವೆ. ಮದುವೆ ಬೇಡವೆಂದವನನ್ನು ದೀಕ್ಷೆಯ ದಾರಿಗೆ ತಳ್ಳುವುದೂ ಸಲ್ಲದು. ವೈರಾಗ್ಯವಿಲ್ಲದ ದೀಕ್ಷೆಯು ಅಡಗುದಾಣ ಮಾತ್ರ.

ಇನ್ನು ಮಕ್ಕಳನ್ನು ‘ಗುಣಪಡಿಸಲು’ ಆಸ್ಪತ್ರೆಗೆ ಸೇರಿಸುವವರು 2024ರ ಮಾರ್ಚ್ 11ರ ಸರ್ವೋಚ್ಚ ನ್ಯಾಯಾಲಯದ ಆದೇಶವನ್ನು ಓದಲಿ. ಅದು ಕೂಡ ಕೇರಳದಿಂದಲೇ ಹೋದ ಪ್ರಕರಣ. ಸಂಗಾತಿಯನ್ನು ಮನೆಯವರು ಕೂಡಿಹಾಕಿದ್ದಾರೆಂಬ ಹೇಬಿಯಸ್ ಕಾರ್ಪಸ್ ಅರ್ಜಿಗಳಲ್ಲಿ, ಸಮಾಲೋಚನೆಯ ಹೆಸರಿನಲ್ಲಿ ವ್ಯಕ್ತಿಯ ಮನಸ್ಸನ್ನು ತಿರುಗಿಸುವ ಯತ್ನ ನಡೆಯಬಾರದೆಂದು ಅಲ್ಲಿ ಎಲ್ಲ ನ್ಯಾಯಾಲಯಗಳಿಗೂ ಸೂಚನೆಯಿದೆ.

ಕೊಚ್ಚಿಯ ಆ ಯುವಕನಂಥವರಿಗೆ ವಿವಾಹದ ಕಾಗದ ಇಲ್ಲದಿದ್ದರೂ ಬೇರೆ ಕಾಗದಗಳು ಕೆಲಮಟ್ಟಿಗೆ ನೆರವಾಗುತ್ತವೆ. 2024ರ ಆಗಸ್ಟ್-ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರವು ಪ್ರಕಟಿಸಿದ ಕ್ರಮಗಳಂತೆ ಸಲಿಂಗ ಸಂಗಾತಿಗಳನ್ನು ಒಂದೇ ಪಡಿತರ ಚೀಟಿಯಲ್ಲಿ ಸೇರಿಸಬಹುದು. ಬ್ಯಾಂಕಿನಲ್ಲಿ ಜಂಟಿ ಖಾತೆ ತೆರೆದು ಪರಸ್ಪರ ನಾಮಿನಿಗಳಾಗಬಹುದು. ಹತ್ತಿರದ ಬಂಧುಗಳು ಲಭ್ಯವಿಲ್ಲದಾಗ ಸಂಗಾತಿಯು ಶರೀರವನ್ನು ಪಡೆಯಲು ಅವಕಾಶವಿರಬೇಕೆಂದು ಆರೋಗ್ಯ ಸಚಿವಾಲಯವು ರಾಜ್ಯಗಳಿಗೆ ಬರೆದಿದೆ. ಆಸ್ತಿಗೆ ಇಬ್ಬರು ಸಾಕ್ಷಿಗಳ ಸಹಿಯುಳ್ಳ ಉಯಿಲು ಸಾಕು. ಚಿಕಿತ್ಸೆಯ ಕೊನೆಯ ನಿರ್ಧಾರಗಳನ್ನು ಯಾರು ಕೈಗೊಳ್ಳಬೇಕೆಂಬುದನ್ನು ಲಿವಿಂಗ್ ವಿಲ್‌ನಲ್ಲಿ ಬರೆದಿಡಬಹುದು. 2023ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ವಿಧಾನವನ್ನು ಸರಳಗೊಳಿಸಿದ ಮೇಲೆ ಇಬ್ಬರು ಸಾಕ್ಷಿಗಳ ಮುಂದೆ ಸಹಿ ಮಾಡಿ ನೋಟರಿಯಿಂದಲೋ ಗೆಜೆಟೆಡ್ ಅಧಿಕಾರಿಯಿಂದಲೋ ದೃಢೀಕರಿಸಿದರೆ ಆಯಿತು. ಸಮಾಧಿಮರಣವನ್ನು ಬಯಸುವ ನಮ್ಮ ಹಿರಿಯರಿಗೂ ಈ ಪತ್ರವು ಬೇಕಾದದ್ದೇ. ನಮ್ಮ ಸಮಾಜದಲ್ಲಿ ವಕೀಲರಿಗೆ ಕೊರತೆಯಿಲ್ಲ. ಬಸದಿಯ ಸಭಾಭವನದಲ್ಲಿ ತಿಂಗಳಿಗೆ ಒಂದು ಸಂಜೆ ಮೇಜು ಹಾಕಿ ಕುಳಿತು, ಬಂದವರ ಮನೆತನವನ್ನೂ ಸಂಬಂಧವನ್ನೂ ಕೆದಕದೆ, ಈ ಪತ್ರಗಳನ್ನು ಬರೆದುಕೊಡುವ ಕೆಲಸವನ್ನು ಯಾವ ಯುವಕ ಸಂಘವಾದರೂ ಬರುವ ಪರ್ಯೂಷಣದೊಳಗೆ ಆರಂಭಿಸಬಹುದು.